ಪದ ಪರಿಚಯ: ಲೇಟ್ ಎಫೆಕ್ಟ್

ಕನ್ನಡದಲ್ಲಿ ‘ಲೇಟ್’ ಅಂದರೆ ಎರಡು ಅರ್ಥ. ಬಸ್ಸು ಲೇಟು ಅನ್ನುವುದು ಒಂದು. ಮದುವೆ ಕಾರ್ಡಿನಲ್ಲಿ ತೀರಿಕೊಂಡ ಅಜ್ಜನ ಹೆಸರಿನ ಮುಂಚೆ ಬರುವುದು ಇನ್ನೊಂದು. ಕ್ಯಾನ್ಸರ್ ಡಾಕ್ಟರು ಹೇಳುವ ‘ಲೇಟ್ ಎಫೆಕ್ಟ್’ ಮೊದಲನೆಯದಕ್ಕೇ ಹತ್ತಿರ. ಅದು ಬದುಕಿ ಉಳಿದವರ ಬಗ್ಗೆ ಹೇಳುವ ಮಾತು.

ಚಿಕ್ಕಂದಿನಲ್ಲಿ ಕ್ಯಾನ್ಸರ್ ಬಂದು ವಾಸಿಯಾಗಿರುತ್ತದೆ. ಆಗ ಕೊಟ್ಟ ಔಷಧಿ, ವಿಕಿರಣ ಮೈಯೊಳಗೆ ಮಾಡಿದ ಪೆಟ್ಟು ಎಷ್ಟೋ ವರ್ಷಗಳ ಮೇಲೆ ತಲೆ ಎತ್ತುತ್ತದೆ. ಇದೇ ಲೇಟ್ ಎಫೆಕ್ಟ್. ಸೈಡ್ ಎಫೆಕ್ಟ್ ಬೇರೆ: ಕೀಮೋ ನಡೆಯುವಾಗ ವಾಂತಿ ಆಗುತ್ತದೆ, ಕೂದಲು ಉದುರುತ್ತದೆ, ಆಮೇಲೆ ಕೂದಲು ಬರುತ್ತದೆ. ಹಳೇ ಕ್ಯಾನ್ಸರ್ ಮರುಕಳಿಸುವುದೂ ಬೇರೆ. ಇವೆರಡನ್ನೂ ಇದರ ಜೊತೆ ಕಲಸಿಕೊಳ್ಳುವವರೇ ಜಾಸ್ತಿ.

ಒಂದು ಉದಾಹರಣೆ ನೋಡಿ. ಡಾಕ್ಸೊರುಬಿಸಿನ್ ಅಂತ ಕೆಂಪು ಬಣ್ಣದ ಔಷಧಿ ಇದೆ. ಹಾಕಿಸಿಕೊಂಡ ದಿನ ಮೂತ್ರವೂ ಕೆಂಪಗಾಗುತ್ತದೆ, ತಾಯಂದಿರು ಹೆದರುತ್ತಾರೆ. ರಕ್ತದ ಕ್ಯಾನ್ಸರಿಗೆ ಒಳ್ಳೆ ಮದ್ದು. ಆದರೆ ಹೃದಯದ ಸ್ನಾಯುವಿಗೂ ಏಟು ಕೊಡುತ್ತದೆ, ಹಾಳಾದ ಆ ಜೀವಕೋಶಗಳ ಜಾಗಕ್ಕೆ ಹೊಸವು ಬರುವುದು ತೀರಾ ಕಡಿಮೆ. ನಾಲ್ಕು ವರ್ಷದ ಮಗುವಿಗೆ ಅಷ್ಟೇ ಹೃದಯ ಸಾಕಾಗಬಹುದು. ಮೈ ಬೆಳೆದು, 24ನೇ ವಯಸ್ಸಿಗೆ ಬಸುರಿಯಾದಾಗ ಅದೇ ಹೃದಯ ಜಾಸ್ತಿ ರಕ್ತ ಪಂಪ್ ಮಾಡಬೇಕು. ಆಗ ಮೆಟ್ಟಿಲು ಹತ್ತುವಾಗ ಏದುಸಿರು ಶುರುವಾಗಬಹುದು. ಬಸುರಿ ಅಲ್ವಾ, ಸಹಜ ಅಂತ ಎಲ್ಲರೂ ಸುಮ್ನೆ ಇರುತ್ತಾರೆ.

ಎಲ್ಲರಿಗೂ ಹೀಗಾಗುವುದಿಲ್ಲ. ಒಟ್ಟು ಡೋಸ್ ಎಷ್ಟು ಅನ್ನುವುದೇ ಮುಖ್ಯ ಲೆಕ್ಕ. ಮೈಯ ಹೊರಮೈ ಅಳತೆಯ ಪ್ರತಿ ಚದರ ಮೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಕೊಟ್ಟಿರುತ್ತಾರೆ. ಸಲಕ್ಕೆ 30ರಂತೆ ನಾಲ್ಕು ಸಲ ಕೊಟ್ಟಿದ್ದರೆ 120. ಒಟ್ಟು 250 ಮುಟ್ಟಿದ್ದರೆ ಎರಡು ವರ್ಷಕ್ಕೊಮ್ಮೆ, 100ರಿಂದ 250ರ ಒಳಗಿದ್ದರೆ ಐದು ವರ್ಷಕ್ಕೊಮ್ಮೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ ಅನ್ನುತ್ತವೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳು. ಎದೆಗೆ ವಿಕಿರಣ, ಅಂದರೆ ನಮ್ಮ ಜನ ‘ಕರೆಂಟು ಕೊಡೋದು’ ಅನ್ನುವುದು ಆಗಿದ್ದರೆ ಲೆಕ್ಕ ಇನ್ನೂ ಬಿಗಿ. ಅಂಥ ಹುಡುಗಿಯರಿಗೆ ಸ್ತನ ಕ್ಯಾನ್ಸರ್ ತಪಾಸಣೆ 25ನೇ ವಯಸ್ಸಿಗೇ ಶುರುವಾಗಬೇಕಾಗಬಹುದು. ಸಿಸ್ಪ್ಲಾಟಿನ್ ಅನ್ನುವ ಕೀಮೋ ಔಷಧಿ ಕಿವಿಗೆ ಹೊಡೆಯುತ್ತದೆ, ತಲೆಗೆ ಕೊಟ್ಟ ವಿಕಿರಣ ಎತ್ತರಕ್ಕೂ ಓದಿಗೂ ಅಡ್ಡಿಯಾಗಬಹುದು, ಸೈಕ್ಲೊಫಾಸ್ಫಮೈಡ್ ಅನ್ನುವ ಇನ್ನೊಂದು ಕೀಮೋ ಔಷಧಿಯ ಡೋಸ್ ಹೆಚ್ಚಾಗಿದ್ದರೆ ಮಕ್ಕಳಾಗುವುದು ಕಷ್ಟವಾಗಬಹುದು.

ಅಮೆರಿಕದಲ್ಲಿ 1970 ಮತ್ತು 80ರ ದಶಕದಲ್ಲಿ ಚಿಕಿತ್ಸೆ ಪಡೆದ ಸಾವಿರಾರು ಮಕ್ಕಳ ಬೆನ್ನು ಹತ್ತಿದ ಅಧ್ಯಯನವೊಂದರ ಫಲಿತಾಂಶ 2006ರಲ್ಲಿ ಬಂತು. ಕಾಯಿಲೆ ಪತ್ತೆಯಾಗಿ 30 ವರ್ಷ ಆಗುವಷ್ಟರಲ್ಲಿ ಸುಮಾರು ಶೇ. 73 ಮಂದಿಗೆ ಒಂದಾದರೂ ದೀರ್ಘಕಾಲದ ತೊಂದರೆ ಇತ್ತು. ಇವತ್ತು ವಿಕಿರಣ ಕಡಿಮೆ ಮಾಡಿದ್ದಾರೆ, ಡೋಸ್ ಅಳೆದು ಕೊಡುತ್ತಾರೆ. ಆದರೆ ಆಗಿನ ಮಕ್ಕಳು ಈಗ ನಡುವಯಸ್ಸಿನವರು.

ಈಗ ನಮ್ಮ ಕಡೆಯ ತೊಡಕಿಗೆ ಬರೋಣ. ಚಿಕಿತ್ಸೆ ಆದಾಗ ಮಗುವಿಗೆ ನಾಲ್ಕು ವರ್ಷ. ಅದಕ್ಕೇನೂ ನೆನಪಿಲ್ಲ. ಅಪ್ಪ ಅಮ್ಮ ‘ರಕ್ತದಲ್ಲಿ ಸ್ವಲ್ಪ ತೊಂದರೆ ಇತ್ತು ಕಣೋ’ ಅಂತಷ್ಟೇ ಹೇಳಿರುತ್ತಾರೆ. ಮದುವೆ ಮಾತುಕತೆ ಬಂದಾಗಲಂತೂ ಫೈಲು ಬೀರುವಿನ ಇನ್ನೂ ಒಳಗೆ ಹೋಗುತ್ತದೆ. 18 ದಾಟಿದರೆ ಮಕ್ಕಳ ವಾರ್ಡಿನಲ್ಲಿ ಜಾಗವಿಲ್ಲ, ದೊಡ್ಡವರ ಡಾಕ್ಟರಿಗೆ ಹಿಂದಿನದು ಗೊತ್ತಿಲ್ಲ. ಮನೆಯವರು ಮುಚ್ಚಿಟ್ಟಿದ್ದಕ್ಕೆ ನಾನು ಬೈಯಲಾರೆ, ಸಮಾಜ ಹಾಗಿದೆ. ಆದರೆ ಆ ಹುಡುಗ, ಹುಡುಗಿಗಾದರೂ ಹೇಳಬೇಕಿತ್ತು.

ಈ ಅಂತರ ತುಂಬಲೆಂದೇ ಮುಂಬಯಿಯ ಟಾಟಾ ಮೆಮೊರಿಯಲ್ ಆಸ್ಪತ್ರೆ 1991ರಲ್ಲಿ, ಚಿಕಿತ್ಸೆ ಮುಗಿಸಿದ ಮಕ್ಕಳಿಗಾಗಿಯೇ ಒಂದು ಕ್ಲಿನಿಕ್ ತೆರೆಯಿತು. ಹೆಸರು ಆಕ್ಟ್ ಕ್ಲಿನಿಕ್. ಯುರೋಪಿನಲ್ಲಿ ‘ಸರ್ವೈವರ್‌ಶಿಪ್ ಪಾಸ್‌ಪೋರ್ಟ್’ ರೂಪಿಸಿದ್ದಾರೆ: ಯಾವ ಔಷಧಿ, ಒಟ್ಟು ಎಷ್ಟು, ವಿಕಿರಣ ಎಲ್ಲಿಗೆ, ಮುಂದೆ ಯಾವ ತಪಾಸಣೆ ಯಾವಾಗ, ಎಲ್ಲ ಒಂದೇ ಕಡೆ.

ಅದಿಲ್ಲದಿದ್ದರೂ ‘ಟ್ರೀಟ್‌ಮೆಂಟ್ ಸಮ್ಮರಿ’ ಅಂತ ಆಸ್ಪತ್ರೆಯಲ್ಲಿ ಕೇಳಬಹುದು. ಒಂದೆರಡು ಹಾಳೆ ಸಾಕು, ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಬಹುದು. ಫೈಲು ಕಳೆದಿದ್ದರೆ ಹಳೇ ಚೀಟಿಯಲ್ಲಿರುವ ರಿಜಿಸ್ಟ್ರೇಷನ್ ನಂಬರ್ ಹಿಡಿದುಕೊಂಡು ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಹೋಗಿ.