ರೆಕಾರ್ಡಿನಲ್ಲಿ 9.81 ಕಂಡರೆ ನನಗೆ ಅನುಮಾನ

ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಎಂಬುದೇ ಗುರುತ್ವ ವೇಗೋತ್ಕರ್ಷ. ಶಿವಮೊಗ್ಗದಲ್ಲಿ ಅದರ ಬೆಲೆ ಸುಮಾರು 9.78 ಮೀ/ಸೆ². ನಾವಿರುವುದು ಉತ್ತರ ಅಕ್ಷಾಂಶ 14 ಡಿಗ್ರಿಯ ಆಸುಪಾಸಿನಲ್ಲಿ, ಸಮಭಾಜಕಕ್ಕೆ ಹತ್ತಿರ. ಸಾಲದ್ದಕ್ಕೆ ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಮೇಲೆ. ಎರಡೂ ಈ ಬೆಲೆಯನ್ನು ತಗ್ಗಿಸುತ್ತವೆ. ಎಲ್ಲರ ಬಾಯಲ್ಲೂ ಇರುವ 9.81 ಯುರೋಪಿನ ಕಡೆಯ ಅಕ್ಷಾಂಶಗಳಿಗೆ ಹೊಂದುವ ಸಂಖ್ಯೆ. ಆದರೆ ಬಿ.ಎಸ್‌ಸಿ. ಮೊದಲ ಸೆಮಿಸ್ಟರಿನ ರೆಕಾರ್ಡ್ ಬುಕ್ಕುಗಳ ಕಟ್ಟು ಬಿಚ್ಚಿ ನೋಡಿ. ದಾರಕ್ಕೆ ಗುಂಡು ಕಟ್ಟಿ ತೂಗಿಬಿಟ್ಟು ಈ ಬೆಲೆ ಕಂಡುಹಿಡಿಯುವ ಸರಳ ಲೋಲಕದ ಪ್ರಯೋಗದಲ್ಲಿ ಒಬ್ಬರಿಗೂ 9.81, ಪಕ್ಕದವರಿಗೂ 9.81, ಸ್ವಲ್ಪ ಧೈರ್ಯವಿದ್ದವರಿಗೆ 9.80.

ಮಕ್ಕಳನ್ನು ಸುಳ್ಳರು ಅನ್ನಲಾರೆ. ಉತ್ತರ ಸರಿಯಿದ್ದರೆ ಅಂಕ, ಇಲ್ಲದಿದ್ದರೆ ಕೆಂಪು ಗೀಟು ಎಂದು ಹೈಸ್ಕೂಲಿನಿಂದ ಕಲಿಸಿಕೊಂಡು ಬಂದವರು ನಾವೇ ಮೇಷ್ಟ್ರುಗಳು. ಜೊತೆಗೆ ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಸಂಜೆ ಬಸ್ಸಿನ ಚಿಂತೆ. ಸೀನಿಯರ್ ರೆಕಾರ್ಡ್ ಎದುರಿಗಿಟ್ಟುಕೊಂಡು, 9.81ರಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ತುಂಬಿದರೆ ಕಾಲು ಗಂಟೆಯ ಕೆಲಸ.

ಹಾಗಾಗಿ ನನ್ನ ಮೊದಲ ಲ್ಯಾಬಿನಲ್ಲಿ ಸೂತ್ರವಿಲ್ಲ, ರೆಕಾರ್ಡೂ ಇಲ್ಲ. ಒಂದು ಮೀಟರ್ ಉದ್ದದ ಒಂದೇ ಲೋಲಕ ತೂಗಿಬಿಟ್ಟು, ಇಡೀ ಬ್ಯಾಚು ಅದರ ಇಪ್ಪತ್ತು ಆಂದೋಲನಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅವರವರೇ ಅಳೆಯಬೇಕು. ಬೋರ್ಡಿನ ಮೇಲೆ 40.1, 40.4, 39.9 ಎಂದು ಸಾಲು ಬೆಳೆಯುತ್ತದೆ. ‘ಸರ್, ಇದರಲ್ಲಿ ಯಾವುದು ಸರಿ?’ ಎಂದು ಯಾರಾದರೂ ಕೇಳಿದ ಮೇಲೆಯೇ ಪಾಠ ಶುರು. ಸ್ಟಾಪ್‌ವಾಚ್ ಒತ್ತುವ ಬೆರಳು 0.2 ಸೆಕೆಂಡಿನಷ್ಟು ಹಿಂದೆಮುಂದೆ ಆಗುತ್ತದೆ. ನಲವತ್ತು ಸೆಕೆಂಡಿನಲ್ಲಿ ಅದು ಅರ್ಧ ಪರ್ಸೆಂಟ್. ಸೂತ್ರದಲ್ಲಿ ಆವರ್ತಕಾಲದ, ಅಂದರೆ ಒಂದು ಆಂದೋಲನಕ್ಕೆ ಹಿಡಿಯುವ ಹೊತ್ತಿನ, ವರ್ಗ ಬರುವುದರಿಂದ ಉತ್ತರದಲ್ಲಿ ಒಂದು ಪರ್ಸೆಂಟ್, ಎಂದರೆ ಆಚೀಚೆ 0.1. ಇಷ್ಟು ಗೊತ್ತಾದ ಮೇಲೆ, ಈ ಲೋಲಕಕ್ಕೆ 9.78ಕ್ಕೂ 9.81ಕ್ಕೂ ಭೇದವೇ ತಿಳಿಯುವುದಿಲ್ಲ ಎಂಬುದನ್ನು ಅವರೇ ಹೇಳುತ್ತಾರೆ.

‘ಹಾಗಾದರೆ ತಿಳಿಯಬೇಕಾದರೆ?’ ಎಂದು ಕೇಳಿ ಸುಮ್ಮನಾಗುತ್ತೇನೆ. ಇಪ್ಪತ್ತರ ಬದಲು ನೂರು ಆಂದೋಲನ ಎಣಿಸಬೇಕು, ಉದ್ದವನ್ನು ಮಿಲಿಮೀಟರ್ ತಪ್ಪದಂತೆ ಅಳೆಯಬೇಕು, ತೂಗು ಐದು ಡಿಗ್ರಿ ದಾಟಬಾರದು. ಆಗಲೂ ಕೂದಲೆಳೆಯ ಅಂತರ. ಹೆಚ್ಚಿನವರು ನಕ್ಕು ಬಸ್‌ಸ್ಟ್ಯಾಂಡಿಗೆ ಹೊರಡುತ್ತಾರೆ. ಒಬ್ಬಿಬ್ಬರು ಮುಂದಿನ ಶನಿವಾರ ಲ್ಯಾಬಿನ ಬಾಗಿಲಲ್ಲಿ ನಿಂತಿರುತ್ತಾರೆ. ಇಂಟರ್ನಲ್ಸ್‌ನಲ್ಲಿ ಇವರೇ ಮೊದಲಿಗರಾಗಿರಬೇಕೆಂದೇನೂ ಇಲ್ಲ.

9.68 ಬರೆದುಕೊಂಡು ಮುಖ ಸಣ್ಣ ಮಾಡಿಕೊಂಡು ಬರುವ ಹುಡುಗಿಯ ಜೊತೆ ಕಳೆಯುವ ಹೊತ್ತು ನನಗೆ ಎಲ್ಲಕ್ಕಿಂತ ಇಷ್ಟ. ‘ಅಳಿಸಬೇಡಮ್ಮ, ಉದ್ದ ಎಲ್ಲಿಂದ ಎಲ್ಲಿಗೆ ಅಳೆದೆ ತೋರಿಸು’ ಅನ್ನುತ್ತೇನೆ. ಸ್ಕೇಲು ದಾರದ ತುದಿಗೆ, ಗುಂಡಿನ ಕೊಕ್ಕೆಯ ಹತ್ತಿರ ನಿಲ್ಲುತ್ತದೆ. ಅಳೆಯಬೇಕಾದದ್ದು ಗುಂಡಿನ ನಡುವಿನವರೆಗೆ. ಬಿಟ್ಟುಹೋದದ್ದು ಒಂದು ಸೆಂಟಿಮೀಟರ್, ನೂರರಲ್ಲಿ ಒಂದು. 9.78ರಲ್ಲಿ ನೂರಕ್ಕೊಂದು ಕಳೆದರೆ 9.68. ಅವಳ ತಪ್ಪು ಸಂಖ್ಯೆ ಕರಾರುವಾಕ್ಕಾಗಿ ತಪ್ಪಿದೆ! ದೊಡ್ಡದಾಗಿ ತೂಗಿಬಿಟ್ಟರೂ ಹೀಗೆಯೇ. ಇಪ್ಪತ್ತು ಡಿಗ್ರಿಯಿಂದ ಬಿಟ್ಟರೆ ಉತ್ತರ ಒಂದೂವರೆ ಪರ್ಸೆಂಟ್ ಇಳಿಯುತ್ತದೆ. 9.81 ಬರೆದವನ ಪುಟದಲ್ಲಿ ಹುಡುಕಲು ಏನೂ ಇರುವುದಿಲ್ಲ.

ಮಲೆನಾಡಿನ ಮಳೆಗಾಲವೂ ಈ ಪಾಠಕ್ಕೆ ಒದಗಿಬರುತ್ತದೆ. ಚಾರ್ಜ್ ಇದೆಯೇ ಎಂದು ತೋರಿಸುವ ವಿದ್ಯುದ್ದರ್ಶಕಕ್ಕೆ ಚಾರ್ಜ್ ಕೊಟ್ಟರೆ ಅದರೊಳಗಿನ ತೆಳು ಲೋಹದ ಹಾಳೆಗಳು ಬಿಚ್ಚಿಕೊಂಡು ನಿಲ್ಲಬೇಕು. ಜುಲೈನಲ್ಲಿ ನಮ್ಮಲ್ಲಿ ನೋಡನೋಡುತ್ತಿದ್ದಂತೆ ಮಡಚಿಕೊಳ್ಳುತ್ತವೆ. ಅವಾಹಕದ ಮೇಲೆ ತೇವದ ಪದರ ಕೂತು ಚಾರ್ಜ್ ಸೋರಿಹೋಗುತ್ತದೆ. ಲೆನ್ಸಿಗೆ ಬೂಷ್ಟು, ಸೋನೋಮೀಟರ್ ತಂತಿಗೆ ತುಕ್ಕು. ‘ಹಾಳೆ ಬಿಚ್ಚಿಕೊಂಡಿತು’ ಎಂದು ಬರೆಯಬೇಡಿ, ಎಷ್ಟು ಸೆಕೆಂಡಿಗೆ ಮಡಚಿತು ಬರೆಯಿರಿ ಅನ್ನುತ್ತೇನೆ. ಹೀಟರ್ ಹತ್ತಿರ ಒಣಗಿಸಿ ಮತ್ತೆ ನೋಡುವ ಉಪಾಯವನ್ನು ಅವರೇ ತರುತ್ತಾರೆ.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎಸ್‌ಸಿ.ಗೋ, ಬೇಸಿಗೆ ಫೆಲೋಶಿಪ್ಪಿಗೋ ಅರ್ಜಿ ಹಾಕುವಾಗ ಕೆಲವರು ಶಿಫಾರಸು ಪತ್ರ ಕೇಳಿಕೊಂಡು ಬರುತ್ತಾರೆ. ಅಂಕ ಮಾರ್ಕ್ಸ್ ಕಾರ್ಡಿನಲ್ಲಿದೆ, ಅದನ್ನೇ ನಾನು ಮತ್ತೆ ಬರೆದು ಏನು ಪ್ರಯೋಜನ? ರೀಡಿಂಗ್ ಕೈಕೊಟ್ಟ ದಿನ ಈ ವಿದ್ಯಾರ್ಥಿ ಏನು ಮಾಡಿದ ಎಂಬುದನ್ನು ಬರೆಯುತ್ತೇನೆ. ಕನ್ನಡ ಮಾಧ್ಯಮದಿಂದ ಬಂದು ಸೆಮಿನಾರಿನಲ್ಲಿ ಇಂಗ್ಲಿಷ್ ತೊದಲುವವರಿಗೆ ಈ ಒಂದು ಪ್ಯಾರಾ ಬಲ ಕೊಡುತ್ತದೆ.

ಇನ್ನು ಪ್ರಾಕ್ಟಿಕಲ್ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು 9.6 ನೋಡಿ ಅಂಕ ಕಡಿದರೆ ಎಂಬ ಭಯ ನ್ಯಾಯವಾದದ್ದೇ, ಕಡಿಯುವವರಿದ್ದಾರೆ. ಅದಕ್ಕೆ ನಾನು ಹೇಳಿಕೊಟ್ಟ ದಾರಿ ಇಷ್ಟು: ಉತ್ತರದ ಪಕ್ಕದಲ್ಲೇ ದೋಷದ ಅಂದಾಜು ಬರೆಯಿರಿ, ಕೆಳಗೆ ಕಾರಣ ಎರಡು ಸಾಲು. ವೈವಾದಲ್ಲಿ ಅವರು ಆ ಎರಡು ಸಾಲಿನ ಮೇಲೇ ಪ್ರಶ್ನೆ ಕೇಳುತ್ತಾರೆ, ಅದಕ್ಕೆ ಉತ್ತರ ನಿಮಗೆ ಗೊತ್ತಿದೆ.