ನೆಲ ಡೊಂಕೋ, ಕುಣಿಯುವವನು ಡೊಂಕೋ?

ಓದುಗರ ಪ್ರಶ್ನೆ: ಫಾರ್ಮುಲಾ ಒನ್ ತಂಡದಲ್ಲಿ ಒಂದು ಸೀಟು ಖಾಲಿಯಾದರೆ ಅನುಭವಿ ಚಾಲಕನನ್ನು ತೆಗೆದುಕೊಳ್ಳುವುದು ಒಳ್ಳೆಯದೋ, ಹೊಸಬನನ್ನೋ? ಅನುಭವಿ ಇದ್ದರೆ ಕಾರನ್ನು ಅಭಿವೃದ್ಧಿಪಡಿಸಲು ಅನುಕೂಲವಲ್ಲವೇ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೆ ಎಂದು ಲೆಕ್ಕ ಇಡುವುದನ್ನು ಬಿಟ್ಟಿದ್ದೇನೆ. ಒಪ್ಪಂದಗಳ ಸುದ್ದಿ ಹೊರಬೀಳುವ ಕಾಲ ಬಂತೆಂದರೆ ಸಾಕು, ಇದೇ ಪ್ರಶ್ನೆ ಹೊಸ ಹೊಸ ಹೆಸರುಗಳಿಂದ ಬರುತ್ತದೆ. ಎರಡನೆಯ ವಾಕ್ಯವಂತೂ ಪ್ರತಿ ಸಲವೂ ಬಾಲದಂತೆ ಅಂಟಿಕೊಂಡೇ ಬರುತ್ತದೆ. ಮೊದಲನೆಯದಕ್ಕೆ ಉತ್ತರ ಚಿಕ್ಕದು. ತನ್ನ ಕಾರು ನಿಜಕ್ಕೂ ಎಷ್ಟು ವೇಗದ್ದು ಎಂದು ತಂಡಕ್ಕೇ ಗೊತ್ತಿಲ್ಲದಿದ್ದರೆ ಹಳಬ ಬೇಕು. ಗೊತ್ತಿದ್ದರೆ, ಪಕ್ಕದ ಕಾರಿನಲ್ಲಿ ನಂಬಬಹುದಾದ ಒಬ್ಬ ಹಳಬ ಆಗಲೇ ಕುಳಿತಿದ್ದರೆ, ಹೊಸಬನನ್ನು ಕೂರಿಸುವ ಧೈರ್ಯ ಮಾಡಬಹುದು. ಇಷ್ಟೇ.

ಈಗ ಆ ಬಾಲದ ವಿಷಯ. ‘ಅನುಭವಿ ಚಾಲಕ ಕಾರನ್ನು ಬೆಳೆಸುತ್ತಾನೆ.’ ಇದನ್ನು ಟಿವಿ ವೀಕ್ಷಕ ವಿವರಣೆಕಾರರೂ ಹೇಳುತ್ತಾರೆ, ಸೀಟು ಉಳಿಸಿಕೊಳ್ಳಬೇಕಾದ ಚಾಲಕರೂ ಹೇಳುತ್ತಾರೆ. ಹೇಳುವವರಲ್ಲಿ ಎರಡನೆಯವರಿಗೆ ಇದರಲ್ಲಿ ಲಾಭವಿದೆ ಎಂಬುದನ್ನು ಮೊದಲು ಗಮನಿಸಿ.

ಜೆನ್ಸನ್ ಬಟನ್ ಒಬ್ಬನನ್ನೇ ಹಿಡಿದುಕೊಂಡು ಹೋಗೋಣ. 2008ರಲ್ಲಿ ಹೋಂಡಾ ತಂಡದಲ್ಲಿ ಬಟನ್ ಮತ್ತು ರೂಬೆನ್ಸ್ ಬ್ಯಾರಿಕೆಲೊ ಇದ್ದರು. ಬ್ಯಾರಿಕೆಲೊ ಆ ವರ್ಷ ಅತಿ ಹೆಚ್ಚು ರೇಸ್‌ಗಳ ದಾಖಲೆಯನ್ನೇ ತನ್ನ ಹೆಸರಿಗೆ ಬರೆದುಕೊಂಡವನು. ಅನುಭವಕ್ಕೆ ಕೊರತೆಯೇ ಇರಲಿಲ್ಲ. ಇಡೀ ವರ್ಷ ತಂಡ ಗಳಿಸಿದ್ದು 14 ಅಂಕ, ಸ್ಥಾನ ಒಂಬತ್ತು. ಅದರಲ್ಲಿ ಬಟನ್ ಪಾಲು ಮೂರೇ ಮೂರು. ಮರುವರ್ಷ ಹೋಂಡಾ ಕೈಬಿಟ್ಟ ಅದೇ ತಂಡ ಬ್ರಾನ್ ಜಿಪಿ ಎಂಬ ಹೆಸರಿನಲ್ಲಿ, ಅದೇ ಇಬ್ಬರು ಚಾಲಕರೊಂದಿಗೆ ಬಂತು. ಮೊದಲ ಏಳು ರೇಸ್‌ಗಳಲ್ಲಿ ಆರನ್ನು ಬಟನ್ ಗೆದ್ದ. ವರ್ಷದ ಕೊನೆಗೆ ಚಾಂಪಿಯನ್ನೂ ಆದ. ಒಂದು ಚಳಿಗಾಲದಲ್ಲಿ ಬಟನ್‌ಗೆ ಅನುಭವ ಉಕ್ಕಿ ಹರಿಯಿತೇ? ಇಲ್ಲ. ತಂಡದ ಮುಖ್ಯಸ್ಥ ರಾಸ್ ಬ್ರಾನ್ 2008ರ ಕಾರನ್ನು ಅದರ ಪಾಡಿಗೆ ಬಿಟ್ಟು, ಎಂಜಿನಿಯರ್‌ಗಳನ್ನು 2009ರ ಹೊಸ ನಿಯಮಗಳ ಕಾರಿಗೆ ಹಚ್ಚಿದ್ದರು. ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ಡಬಲ್ ಡಿಫ್ಯೂಸರ್ ಎಂಬ ಹಿಂಬದಿಯ ಭಾಗ ಬಂತು, ಹೋಂಡಾ ಎಂಜಿನ್ ಹೋಗಿ ಮರ್ಸಿಡಿಸ್ ಎಂಜಿನ್ ಬಂತು. ಚಾಲಕರು ಅವರೇ, ಕಾರು ಬೇರೆ.

ಅದೇ ಬಟನ್ 2015ರಲ್ಲಿ ಮೆಕ್‌ಲಾರೆನ್‌ನಲ್ಲಿದ್ದ, ಪಕ್ಕದಲ್ಲಿ ಫರ್ನಾಂಡೊ ಅಲೋನ್ಸೊ. ಇಬ್ಬರೂ ವಿಶ್ವ ಚಾಂಪಿಯನ್ನರು, ಇಬ್ಬರ ನಡುವೆ ಮೂರು ಪ್ರಶಸ್ತಿಗಳು. ಅನುಭವಿಗಳು ಕಾರು ಬೆಳೆಸುವುದಾಗಿದ್ದರೆ ಅಂದಿನ ಮೆಕ್‌ಲಾರೆನ್ ಮುಗಿಲು ಮುಟ್ಟಬೇಕಿತ್ತು. ಅದು ಮುಟ್ಟಿದ್ದು ಒಂಬತ್ತನೆಯ ಸ್ಥಾನವನ್ನು, 27 ಅಂಕಗಳೊಂದಿಗೆ.

ಈ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ ಎಂಬುದನ್ನು ಒಪ್ಪುತ್ತೇನೆ. ಮೈಕೆಲ್ ಶೂಮಾಕರ್ ಫೆರಾರಿಯಲ್ಲಿದ್ದ ಕಾಲದಲ್ಲಿ ತಂಡಕ್ಕೆ ಫಿಯೊರಾನೊದಲ್ಲಿ ಸ್ವಂತ ಟ್ರ್ಯಾಕ್ ಇತ್ತು. ರೇಸ್ ಇಲ್ಲದ ವಾರ ಚಾಲಕ ಅಲ್ಲಿ ದಿನವಿಡೀ ಸುತ್ತು ಹಾಕಬಹುದಿತ್ತು. ಈ ರೆಕ್ಕೆ ಹಾಕಿ ನೋಡು, ತೆಗೆದು ನೋಡು, ಮತ್ತೆ ಹಾಕು. ಆಗ ಚಾಲಕನ ಬೆನ್ನು ಮತ್ತು ಅಂಗೈ ನಿಜಕ್ಕೂ ಒಂದು ಅಳತೆಯ ಉಪಕರಣವಾಗಿತ್ತು. 2009ರಿಂದ ಋತುವಿನ ನಡುವೆ ಇಂಥ ಪರೀಕ್ಷೆ ನಿಷಿದ್ಧ. 2025ರಲ್ಲಿ ಋತುವಿಗೆ ಮೊದಲು ಎಲ್ಲ ತಂಡಗಳಿಗೂ ಸಿಕ್ಕಿದ್ದು ಬಹ್ರೇನ್‌ನಲ್ಲಿ ಮೂರೇ ದಿನ, ಅದೂ ತಂಡಕ್ಕೆ ಒಂದೇ ಕಾರು. ಅಂದರೆ ಒಬ್ಬ ಚಾಲಕನಿಗೆ ಒಂದೂವರೆ ದಿನ. ಕಾರು ಬೆಳೆಯುವುದು ಗಾಳಿ ಬೀಸಿ ಪರೀಕ್ಷಿಸುವ ವಿಂಡ್ ಟನೆಲ್‌ನಲ್ಲಿ, ಕಂಪ್ಯೂಟರ್‌ನಲ್ಲಿ, ಸಿಮ್ಯುಲೇಟರ್‌ನಲ್ಲಿ. ಒಂದೂವರೆ ದಿನದಲ್ಲಿ ನಿಮ್ಮ ಅನುಭವಿ ಏನನ್ನು ಬೆಳೆಸುತ್ತಾನೆ, ಹೇಳಿ.

ಇಲ್ಲಿಗೆ ಬಂದಾಗ ಓದುಗರೊಬ್ಬರು ಕೈ ಎತ್ತುತ್ತಾರೆ: ‘ಹಾಗಾದರೆ 2026ಕ್ಕೆ ಹೊಸದಾಗಿ ಬಂದ ಕ್ಯಾಡಿಲಾಕ್ ತಂಡ ವಾಲ್ಟೆರಿ ಬೊಟ್ಟಾಸ್ ಮತ್ತು ಸೆರ್ಹಿಯೊ ಪೆರೆಜ್ ಎಂಬ ಇಬ್ಬರು ಹಳಬರನ್ನೇ ಯಾಕೆ ಆರಿಸಿತು?’ ಒಳ್ಳೆಯ ಪ್ರಶ್ನೆ. ನಾನು ಕಾಯುತ್ತಿದ್ದದ್ದೂ ಇದಕ್ಕೇ.

ಗ್ಯಾರೇಜಿನಲ್ಲಿ ಎಂಜಿನಿಯರ್ ಮುಂದಿನ ಪರದೆಯನ್ನು ನೆನೆಸಿಕೊಳ್ಳಿ. ಒಂದೇ ತಿರುವು, ಇಬ್ಬರು ಚಾಲಕರು; ಯಾರು ಬ್ರೇಕ್ ಎಷ್ಟು ಒತ್ತಿದರು, ಸ್ಟಿಯರಿಂಗ್ ಎಷ್ಟು ತಿರುಗಿಸಿದರು ಎಂದು ತೋರಿಸುವ, ಒಂದರ ಮೇಲೊಂದು ಕುಳಿತ ಗೆರೆಗಳು. ಹಳಬನ ಬ್ರೇಕಿನ ಗೆರೆ ಗೋಡೆಯಂತೆ ನೆಟ್ಟಗೆ ಏರಿ, ಕಾರು ತಿರುವಿನೊಳಕ್ಕೆ ಹೊಕ್ಕಂತೆ ನುಣುಪಾಗಿ ಇಳಿಯುತ್ತದೆ. ಹೊಸಬನ ಗೆರೆಯೂ ಅಷ್ಟೇ ನೆಟ್ಟಗೆ ಏರುತ್ತದೆ, ಆದರೆ ಇಳಿಯುವಾಗ ಮೆಟ್ಟಿಲು ಮೆಟ್ಟಿಲಾಗಿದೆ. ಅದೇ ಜಾಗದಲ್ಲಿ ಸ್ಟಿಯರಿಂಗ್ ಗೆರೆಯಲ್ಲಿ ಒಂದು ಸಣ್ಣ ಕೊಕ್ಕೆ ಕಾಣುತ್ತದೆ. ಹಿಂಬದಿ ಜಾರಿದೆ, ಹುಡುಗ ಹಿಡಿದುಕೊಂಡಿದ್ದಾನೆ. ರೇಡಿಯೊದಲ್ಲಿ ‘ಹಿಂಬದಿ ನಿಲ್ಲುತ್ತಿಲ್ಲ’ ಎಂದೂ ಹೇಳಿದ್ದಾನೆ. ಹಳಬನ ಗೆರೆ ಪಕ್ಕದಲ್ಲಿ ಇರುವುದರಿಂದ ಎಂಜಿನಿಯರ್‌ಗೆ ಗೊತ್ತು, ಕಾರು ಸರಿಯಿದೆ, ಬ್ರೇಕಿನಿಂದ ಕಾಲು ತೆಗೆಯುವುದನ್ನು ಹುಡುಗ ಕಲಿಯಬೇಕು. ಈಗ ಹಳಬನ ಗೆರೆಯನ್ನು ಅಳಿಸಿ, ಅಲ್ಲಿ ಇನ್ನೊಬ್ಬ ಹೊಸಬನ ಗೆರೆ ಇಡಿ. ಎರಡರಲ್ಲೂ ಮೆಟ್ಟಿಲು, ಎರಡರಲ್ಲೂ ಕೊಕ್ಕೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಗಬಹುದೇ? ನಗುವಂತಿಲ್ಲ. ಈ ಆಟದಲ್ಲಿ ನೆಲ ನಿಜವಾಗಿಯೂ ಡೊಂಕಾಗಿರಬಹುದು. ಕಾರಿನ ಅಡಿಯ ಫ್ಲೋರ್ ತುಸು ಏರುಪೇರಾದರೂ ಹಿಂಬದಿಯ ಹಿಡಿತ ಹೋಗುತ್ತದೆ. ಡೊಂಕು ಯಾವುದರದು ಎಂದು ಹೇಳಲು ಸರಿಯಾಗಿ ಕುಣಿಯುತ್ತಾನೆಂದು ಗೊತ್ತಿರುವ ಒಬ್ಬ ಬೇಕು. ಕ್ಯಾಡಿಲಾಕ್‌ನ ಕಾರು ಹೊಸದು, ಎಂಜಿನಿಯರ್‌ಗಳ ಕೂಟ ಹೊಸದು. ಚಾಲಕರೂ ಹೊಸಬರಾಗಿದ್ದರೆ ದೋಷ ಹುಡುಕುವುದಾದರೂ ಎಲ್ಲಿಂದ? ಹಳಬ ಕಾರನ್ನು ಬೆಳೆಸುವುದಿಲ್ಲ, ಅಳೆಯುತ್ತಾನೆ. ಇದನ್ನು ಹೇಳಿ ಹೇಳಿ ನನ್ನ ನಾಲಗೆ ಸವೆದಿದೆ.

ಹಾಸ್ ತಂಡ ಈ ಪಾಠವನ್ನು ದುಬಾರಿಯಾಗಿ ಕಲಿಯಿತು. 2021ರಲ್ಲಿ ಅದು ಮಿಕ್ ಶೂಮಾಕರ್ ಮತ್ತು ನಿಕಿತಾ ಮಝೆಪಿನ್ ಎಂಬ ಇಬ್ಬರು ಹೊಸಬರನ್ನೇ ಕೂರಿಸಿತು. ವರ್ಷದ ಗಳಿಕೆ ಸೊನ್ನೆ. ಮುಂದಿನ ವರ್ಷದ ಕಾರಿಗಾಗಿ ಆ ಕಾರನ್ನು ತಂಡವೇ ಕೈಬಿಟ್ಟಿತ್ತು, ಹಾಗಾಗಿ ಪೂರ್ತಿ ತಪ್ಪು ಹುಡುಗರದಲ್ಲ. ಆದರೆ ಹುಡುಗರು ಎಂಥವರು ಎಂಬುದೂ ಆ ವರ್ಷ ಸ್ಪಷ್ಟವಾಗಲಿಲ್ಲ. 2022ರ ಆರಂಭಕ್ಕೆ ಕೆಲವೇ ದಿನಗಳಿರುವಾಗ ಮಝೆಪಿನ್ ಜಾಗಕ್ಕೆ ಕೆವಿನ್ ಮ್ಯಾಗ್ನುಸೆನ್ ಮರಳಿ ಬಂದ. ಒಂದು ವರ್ಷ ಫಾರ್ಮುಲಾ ಒನ್‌ನಿಂದ ಹೊರಗಿದ್ದವನು, ಹೊಸ ಕಾರಿನ ವಿನ್ಯಾಸದಲ್ಲಿ ಅವನ ಪಾತ್ರ ಒಂದಿನಿತೂ ಇಲ್ಲ. ಬಹ್ರೇನ್‌ನ ಮೊದಲ ರೇಸ್‌ನಲ್ಲೇ ಐದನೆಯವನಾದ. ಅದೇ ಕಾರಿನಲ್ಲಿ ಮಿಕ್ ಶೂಮಾಕರ್ ಹನ್ನೊಂದನೆಯವನು, ಅಂಕವಿಲ್ಲ. ಕಾರು ಚೆನ್ನಾಗಿದೆ ಎಂಬುದು ಒಂದೇ ಮಧ್ಯಾಹ್ನದಲ್ಲಿ ತಂಡಕ್ಕೆ ತಿಳಿಯಿತು.

ಹೊಸಬರೆಂದರೆ ಅಪಘಾತ ಎನ್ನುವ ಇನ್ನೊಂದು ಮಾತಿದೆ. 2025ರ ಮೆಲ್ಬರ್ನ್ ರೇಸ್ ನೋಡಿದವರು ಅದನ್ನು ಅರ್ಧ ಒಪ್ಪುತ್ತಾರೆ. ಒದ್ದೆ ಟ್ರ್ಯಾಕ್; ಹೊಸಬ ಇಸಾಕ್ ಹಜಾರ್ ರೇಸ್ ಶುರುವಾಗುವ ಮೊದಲೇ, ಕಾರುಗಳು ನಿಧಾನವಾಗಿ ಒಂದು ಸುತ್ತು ಬರುವ ಫಾರ್ಮೇಷನ್ ಲ್ಯಾಪ್‌ನಲ್ಲಿ ಗೋಡೆಗೆ ಹೋದ. ಜ್ಯಾಕ್ ಡೂಹನ್, ಬೋರ್ಟೊಲೆಟೊ, ಲಾಸನ್ ಕೂಡ ಮುಗಿಸಲಿಲ್ಲ. ಆದರೆ ಹತ್ತು ಋತು ಓಡಿಸಿದ್ದ ಕಾರ್ಲೋಸ್ ಸೈಂಜ್ ಎಲ್ಲರ ವೇಗ ತಗ್ಗಿಸುವ ಸೇಫ್ಟಿ ಕಾರ್ ಹಿಂದೆ ಹೋಗುತ್ತಿರುವಾಗಲೇ ಜಾರಿ ಗೋಡೆಗೆ ಬಡಿದ. ಅಲೋನ್ಸೊ ಕೂಡ ಅದೇ ಟ್ರ್ಯಾಕ್‌ನಲ್ಲಿ ಕಾರು ಮುರಿದುಕೊಂಡ. ಹದಿನಾರನೆಯ ಸ್ಥಾನದಿಂದ ಹೊರಟು ನಾಲ್ಕನೆಯವನಾಗಿ ಮುಗಿಸಿದ್ದು ಹದಿನೆಂಟರ ಹೊಸ ಹುಡುಗ ಕಿಮಿ ಆಂಟೊನೆಲ್ಲಿ.

ದುಡ್ಡಿನ ವಿಷಯ ಎರಡೇ ಮಾತಿನಲ್ಲಿ. ತಂಡವೊಂದು ವರ್ಷಕ್ಕೆ ಇಷ್ಟೇ ಖರ್ಚು ಮಾಡಬೇಕೆಂಬ ಮಿತಿ ಇರುವುದರಿಂದ ಕಡಿಮೆ ಸಂಬಳದ ಹೊಸಬರಿಗೆ ಬೇಡಿಕೆ ಎಂದು ಬರೆಯುವವರು ನಿಯಮ ಓದಿಲ್ಲ. 2021ರಲ್ಲಿ 14.5 ಕೋಟಿ ಡಾಲರ್‌ನೊಂದಿಗೆ ಶುರುವಾದ ಆ ಮಿತಿಯೊಳಗೆ ಚಾಲಕರ ಸಂಬಳ ಬರುವುದೇ ಇಲ್ಲ. ಆದರೆ ಒಡೆದ ಕಾರಿನ ಬಿಡಿಭಾಗಗಳ ಖರ್ಚು ಬರುತ್ತದೆ.

ಇನ್ನು ಯಾರೂ ಕೇಳದಿದ್ದರೂ ನನಗೆ ಹೇಳಬೇಕೆನಿಸುವ ಒಂದು ವಿಷಯವಿದೆ. ಹೊಸಬರಲ್ಲಿ ಯಾರನ್ನು ಆರಿಸುತ್ತಾರೆ? ಒಂದು ಮೆಟ್ಟಿಲು ಕೆಳಗಿನ ಸ್ಪರ್ಧೆಯಾದ ಫಾರ್ಮುಲಾ ಟು ಗೆದ್ದವರನ್ನು ಎಂದು ನೀವು ಊಹಿಸಿದರೆ, ಫೆಲಿಪೆ ಡ್ರುಗೊವಿಚ್ ಮತ್ತು ತೆಯೊ ಪೂರ್‌ಶೆರ್ ನೆನಪಾಗಲಿ. ಮೊದಲನೆಯವನು 2022ರ ಚಾಂಪಿಯನ್, ಎರಡನೆಯವನು 2023ರ ಚಾಂಪಿಯನ್. ಮರುವರ್ಷ ಇಬ್ಬರಿಗೂ ಫಾರ್ಮುಲಾ ಒನ್ ಸೀಟು ಸಿಗಲಿಲ್ಲ. 2024ರಲ್ಲಿ ಅದೇ ಸ್ಪರ್ಧೆಯಲ್ಲಿ ಆರನೆಯವನಾದ ಆಂಟೊನೆಲ್ಲಿ ಮರ್ಸಿಡಿಸ್ ಸೇರಿದ, ಹನ್ನೆರಡನೆಯವನಾದ ಆಲಿವರ್ ಬೇರ್‌ಮನ್ ಹಾಸ್ ಸೇರಿದ. ಅನ್ಯಾಯ ಎನಿಸುತ್ತದೆ, ಅಲ್ಲವೇ? ಖಾಲಿ ಸೀಟುಗಳೇ ವರ್ಷಕ್ಕೆ ಬೆರಳೆಣಿಕೆ ಎಂಬುದು ಒಂದು ಕಾರಣ. ದೊಡ್ಡ ಕಾರಣ ಬೇರೆ: ತಂಡ ಆರಿಸುವುದು ತಾನು ಆಗಲೇ ಅಳೆದು ನೋಡಿದ ಹುಡುಗನನ್ನು. ಈಗಿನ ಕಾರಿನಲ್ಲಿ ಪರೀಕ್ಷೆ ನಿಷಿದ್ಧವಾದರೂ ಕನಿಷ್ಠ ಎರಡು ವರ್ಷ ಹಳೆಯ ಕಾರನ್ನು ಓಡಿಸಬಹುದು. ಬೇರ್‌ಮನ್ 2024ರಲ್ಲಿ ಜೆಡ್ಡಾದಲ್ಲಿ, ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗೆ ಹೋದ ಸೈಂಜ್‌ನ ಬದಲಿಗೆ ಒಂದೇ ಒಂದು ಅಭ್ಯಾಸ ಅವಧಿಯ ನಂತರ ಫೆರಾರಿ ಓಡಿಸಿ ಏಳನೆಯವನಾಗಿದ್ದ. ಆಂಟೊನೆಲ್ಲಿಗೆ ಮರ್ಸಿಡಿಸ್ 2024ರ ಉದ್ದಕ್ಕೂ ತನ್ನ ಹಳೆಯ ಕಾರುಗಳನ್ನು ಕೊಟ್ಟು ಓಡಿಸಿತ್ತು. ಅವನ ಗೆರೆಗಳು ತಂಡದ ಬಳಿ ರಾಶಿ ಬಿದ್ದಿದ್ದವು, ಪಕ್ಕದಲ್ಲಿಟ್ಟು ನೋಡಲು ಅಂದಿನ ಮರ್ಸಿಡಿಸ್ ಚಾಲಕರಾದ ಹ್ಯಾಮಿಲ್ಟನ್ ಮತ್ತು ರಸೆಲ್‌ರ ಗೆರೆಗಳೂ ಇದ್ದವು.

ಆದ್ದರಿಂದಲೇ 2024ರ ಆಗಸ್ಟ್ 30ರಂದು ಮೊಂಝಾದಲ್ಲಿ ನಡೆದದ್ದು ತಂಡವನ್ನು ಕದಲಿಸಲಿಲ್ಲ. ಹದಿನೆಂಟು ತುಂಬಿ ಐದು ದಿನವಾಗಿದ್ದ ಆಂಟೊನೆಲ್ಲಿ, ಮೊದಲ ಬಾರಿಗೆ ಗ್ರ್ಯಾನ್ ಪ್ರಿ ವಾರಾಂತ್ಯದ ಅಭ್ಯಾಸಕ್ಕೆ ಇಳಿದು, ಹತ್ತು ನಿಮಿಷದಲ್ಲಿ ರಸೆಲ್‌ನ ಕಾರನ್ನು ಪ್ಯಾರಾಬೊಲಿಕಾ ತಿರುವಿನ ತಡೆಗೋಡೆಗೆ ಗುದ್ದಿದ. ಮರುದಿನ ಮರ್ಸಿಡಿಸ್ ಅವನ ಹೆಸರನ್ನು 2025ರ ಸೀಟಿಗೆ ಪ್ರಕಟಿಸಿತು.