ಬಾಯಾ ಕಡಲತೀರದ ಆಕಾಶ ಅಷ್ಟು ಕೆಂಪಗೆ ಏಕೆ?

ಪ್ರಶ್ನೆ: ನೇಪಲ್ಸ್ ಬಳಿಯ ಬಾಯಾದಲ್ಲಿರುವ ರೋಮನ್ ಅವಶೇಷಗಳನ್ನು 19ನೇ ಶತಮಾನದಲ್ಲಿ ಬರೆದ ಜಲವರ್ಣ ಚಿತ್ರಗಳಲ್ಲಿ ಆಕಾಶ ನಸುಗೆಂಪಾಗಿರುತ್ತದಲ್ಲ, ಎಲ್ಲರೂ ಸೂರ್ಯಾಸ್ತವನ್ನೇ ಬರೆದರೇ?

ಉತ್ತರ: ಎಷ್ಟೋ ಸಲ ಅದು ಸೂರ್ಯಾಸ್ತವಲ್ಲ, ನೀಲಿ ಹಾರಿಹೋದ ಮೇಲೆ ಉಳಿದ ಕೆಂಪು.

ಮೊದಲು ದಿಕ್ಕು ನೋಡಿ. ಬಾಯಾ ಇರುವುದು ಪೊಟ್ಸುವೋಲಿ ಕೊಲ್ಲಿಯ ಪಶ್ಚಿಮ ದಡದಲ್ಲಿ, ಅಂದರೆ ಅಲ್ಲಿ ನೀರಿರುವುದು ಪೂರ್ವಕ್ಕೆ. 'ವೀನಸ್ ದೇವಾಲಯ' ಎಂದು ಹೆಸರಾದ (ನಿಜಕ್ಕೂ ಅದೊಂದು ಸ್ನಾನಗೃಹದ ಭಾಗ) ಪಾಳು ಕಟ್ಟಡದ ಹಿಂದೆ ಕಡಲು ಕಾಣುತ್ತಿದ್ದರೆ, ಸೂರ್ಯ ಅಲ್ಲಿ ಮುಳುಗಲಾರ. ಮುಳುಗುವುದು ಚಿತ್ರಕಾರನ ಬೆನ್ನ ಹಿಂದಿನ ಗುಡ್ಡದಾಚೆ. ಗೋಡೆಗಳ ನೆರಳು ಗಿಡ್ಡವಾಗಿದ್ದರೆ ಮುಂಜಾವೂ ಅಲ್ಲ, ನಡುಹಗಲು.

ಇನ್ನು ಬಣ್ಣದ ಮಾತು. ಮೋಡದ ಬೂದುಬಣ್ಣಕ್ಕೆ ಆಗಿನವರು ಇಂಡಿಗೋಗೆ ಇಂಡಿಯನ್ ರೆಡ್ ಅಥವಾ ಲೈಟ್ ರೆಡ್ ಎಂಬ ಕೆಂಪು ಬೆರೆಸುತ್ತಿದ್ದರು. ಇಂಡಿಗೋ ಗಿಡದಿಂದ ತೆಗೆದ ನೀಲಿ. ಆ ಶತಮಾನದಲ್ಲಿ ಯುರೋಪಿಗೆ ಬಹುಪಾಲು ಬಂಗಾಳದಿಂದಲೇ ಹಡಗೇರಿ ಹೋದದ್ದು. ಬೆಳಕು ಮತ್ತು ಗಾಳಿಯ ಆಮ್ಲಜನಕ ಒಟ್ಟಾದರೆ ಅದರ ಅಣು ಒಡೆದು ಬಣ್ಣ ಕಳೆದುಕೊಳ್ಳುತ್ತದೆ. ಕೆಂಪು ಮಾತ್ರ ಕಬ್ಬಿಣದ ಆಕ್ಸೈಡ್, ಜಗ್ಗುವುದಿಲ್ಲ. ಆಕಾಶಕ್ಕೆ ಬಳಿಯುವುದೇ ತೀರಾ ತೆಳುವಾದ ಪದರವಾದ್ದರಿಂದ ಪೆಟ್ಟು ಮೊದಲು ಅಲ್ಲಿಗೇ. ಓಕರ್, ಬರ್ನ್ಟ್ ಸಿಯೆನ್ನಾದಂಥ ಮಣ್ಣಿನ ಬಣ್ಣದಲ್ಲಿ ಬರೆದ ಇಟ್ಟಿಗೆ ಗೋಡೆಗಳು ಹಾಗೇ ಗಟ್ಟಿಯಾಗಿ ನಿಂತಿರುತ್ತವೆ. ಬೆಳಕಿಗೆ ಜಲವರ್ಣ ಮಾಸುತ್ತದೆಯೇ ಎಂಬ ಜಗಳಕ್ಕೆ ಬ್ರಿಟನ್ನಿನಲ್ಲಿ ವಿಜ್ಞಾನಿಗಳಾದ ರಸೆಲ್ ಮತ್ತು ಅಬ್ನಿ 1888ರಲ್ಲಿ ಕೊಟ್ಟ ವರದಿ ಪುರಾವೆ ಒದಗಿಸಿತು: ಗಾಳಿ ತೆಗೆದ ಕೊಳವೆಯೊಳಗೆ ಹೆಚ್ಚಿನ ಬಣ್ಣಗಳು ಬೆಳಕಿಗೂ ಮಾಸಲಿಲ್ಲ. ಕೋಬಾಲ್ಟ್ ನೀಲಿ ಬೆಳಕಿಗೆ ಬಗ್ಗದು. ಅದರಲ್ಲಿ ಬರೆದ ಕಡಲು ನೀಲಿಯಾಗೇ ಇದ್ದು ಮೋಡವಷ್ಟೇ ಕೆಂಪಾಗಿದ್ದರೆ ಅನುಮಾನ ಗಟ್ಟಿ.

ಖಚಿತಪಡಿಸಿಕೊಳ್ಳಲು ಚೌಕಟ್ಟು ಬಿಚ್ಚಿಸಿ ಮೌಂಟಿನ (ಚಿತ್ರದ ಮೇಲೆ ಕೂರಿಸುವ, ಕಿಂಡಿ ಕೊರೆದ ರಟ್ಟು) ಅಂಚಿನಡಿ ನೋಡಿ. ಬೆಳಕು ಕಾಣದ ಆ ಕೆಲವೇ ಮಿಲಿಮೀಟರ್ ಪಟ್ಟಿಯಲ್ಲಿ ಮೂಲದ ನೀಲಿಬೂದು ಉಳಿದಿರುತ್ತದೆ. ಒದ್ದೆ ಬೆರಳಿನಿಂದ ಮುಟ್ಟಬೇಡಿ. ಬಣ್ಣ ಹಿಡಿದಿಟ್ಟಿರುವ ಗೋಂದು ಎಷ್ಟೇ ಹಳತಾದರೂ ನೀರಿಗೆ ಬಿಡುತ್ತದೆ.

ಹೋದ ನೀಲಿಯನ್ನು ಮರಳಿ ತರುವ ಉಪಾಯವಿಲ್ಲ. ಸಂಗ್ರಹಾಲಯಗಳು ಜಲವರ್ಣಕ್ಕೆ 50 ಲಕ್ಸ್ ಮೀರದ ಬೆಳಕು ಕೊಟ್ಟು, ಕೆಲವು ತಿಂಗಳು ತೋರಿಸಿ ಮತ್ತೆ ಕತ್ತಲಲ್ಲಿಡುತ್ತವೆ. ನೇರಳಾತೀತ ಕಿರಣ ತಡೆಯುವ ಗಾಜು ಹಾಕಿಸಿದರೆ ಸಾಕೆಂಬುದು ತಪ್ಪು; ಕಣ್ಣಿಗೆ ಕಾಣುವ ಬೆಳಕೂ ಇಂಡಿಗೋವನ್ನು ತಿನ್ನುತ್ತದೆ. ಹೊಸ ಮೌಂಟ್ ಕತ್ತರಿಸುವಾಗ ಕಿಂಡಿಯನ್ನು ಹಳೆಯದಕ್ಕಿಂತ ದೊಡ್ಡದು ಮಾಡಿಸಬೇಡಿ: ಎರಡು ಬಣ್ಣದ ಗೆರೆ ಎದ್ದು ಕಾಣುವುದಲ್ಲದೆ, ಆ ಪಟ್ಟಿಯ ನೀಲಿಯೂ ಹೋಗುತ್ತದೆ.